ವೇಗದ ಅಂಕಿಗಳೂ ಅವುಗಳ ಸಾಕ್ಷ್ಯಬಲವೂ

ಮಾರ್ಕ್‌ಡೌನ್ ಎಂಬ ಸರಳ ಲೇಖನಪದ್ಧತಿಯನ್ನು ಜಾನ್ ಗ್ರೂಬರ್ ಅವರು 2004ರಲ್ಲಿ ಪ್ರಕಟಿಸಿದರು. ಆ ಪದ್ಧತಿಯಲ್ಲಿ ಬರೆದ ಕಡತಗಳನ್ನು ಓದಿ, ಅವನ್ನು ಎಚ್‌ಟಿಎಂಎಲ್ ಪುಟಗಳನ್ನಾಗಿ ಮಾರ್ಪಡಿಸಿಡುವ ತಂತ್ರಾಂಶಗಳಿಗೆ ಸ್ಟ್ಯಾಟಿಕ್ ಸೈಟ್ ಜನರೇಟರ್ ಎಂದು ಹೆಸರು. 2008ರ ಜೆಕಿಲ್, 2013ರ ಹ್ಯೂಗೊ ಇವುಗಳಲ್ಲಿ ಪ್ರಸಿದ್ಧವಾದವು. ಯಾವುದು ಶೀಘ್ರವಾಗಿ ಕೆಲಸ ಮುಗಿಸುವುದೆಂಬ ಪರೀಕ್ಷೆಗಳು ಹಲವು ನಡೆದಿದ್ದು, ಅವುಗಳಲ್ಲಿ ಎರಡನ್ನು ಇಲ್ಲಿ ಪರಿಶೀಲಿಸುವೆವು. ಇಂತಹ ಅಂಕಿಗಳನ್ನು ನಂಬಿ ತಮ್ಮ ಸಾವಿರಾರು ಬರಹಗಳನ್ನು ಒಂದು ಸಾಧನದಿಂದ ಮತ್ತೊಂದಕ್ಕೆ ಸಾಗಿಸುವ ಸಂಸ್ಥೆಗಳಿರುವುದರಿಂದ ಇದು ಕೇವಲ ಕುತೂಹಲದ ವಿಷಯವಲ್ಲ.

ಮೊದಲನೆಯದು 2020ರಲ್ಲಿ ಶಾನ್ ಡೇವಿಸ್ ಅವರು ನಡೆಸಿದ ಹೋಲಿಕೆ. ಆರು ಸಾಧನಗಳಿಗೆ ಒಂದು ಕಡತದಿಂದ ಮೊದಲ್ಗೊಂಡು 64,000 ಕಡತಗಳವರೆಗೆ ಕೊಟ್ಟು ಅವರು ಕಾಲವನ್ನು ಅಳೆದರು. ಹ್ಯೂಗೊ ಮೊದಲ ಸ್ಥಾನ ಪಡೆಯಿತು. ಆದರೆ ಅದಕ್ಕಿಂತ ಬೋಧಪ್ರದವಾದುದು ಮತ್ತೊಂದು: ಕಡತಗಳು ಕಡಮೆಯಿದ್ದಾಗ ಮುಂದಿದ್ದ ಜೆಕಿಲ್, ಸಂಖ್ಯೆ ಬಹಳವಾದಾಗ ಗ್ಯಾಟ್ಸ್‌ಬಿಗಿಂತ ಹಿಂದೆ ಬಿದ್ದಿತು. ಕಡತಗಳು ಕೆಲವೇ ಇರುವಾಗ ಸಾಧನವು ತನ್ನನ್ನು ಸಜ್ಜುಗೊಳಿಸಿಕೊಳ್ಳುವ ಕಾಲವೇ ಲೆಕ್ಕದ ಬಹುಭಾಗವನ್ನು ನುಂಗುವುದು. ಆದುದರಿಂದ ಒಂದೇ ಸಂಖ್ಯೆಯಲ್ಲಿ ಅಳೆದು ತೀರ್ಪು ಕೊಡುವ ಪರೀಕ್ಷೆಗಳನ್ನು ನಾವು ಬದಿಗಿಡಬಹುದು.

ಎರಡನೆಯದು 2022ರಲ್ಲಿ ಜಾಕ್ ಲೆದರ್‌ಮನ್ ಅವರದು. ಇವರು ಸ್ವತಃ ಇಲೆವೆಂಟಿ ಎಂಬ ಸಾಧನದ ಕರ್ತೃಗಳು. ಪಕ್ಷಗಾರನೇ ಸಾಕ್ಷಿಯಾಗಿ ನಿಂತರೆ ಚರಿತ್ರಕಾರನು ಹುಬ್ಬೇರಿಸುವುದು ಸಹಜ. ಆದರೂ ಅವರ ಪಟ್ಟಿಯಲ್ಲಿ ಅಗ್ರಸ್ಥಾನ ಹ್ಯೂಗೊಗೆ, ಇಲೆವೆಂಟಿ ಎರಡನೆಯದು. ತನಗೆ ಪ್ರತಿಕೂಲವಾದುದನ್ನು ತಾನೇ ಹೇಳುವ ಸಾಕ್ಷ್ಯಕ್ಕೆ ಹೆಚ್ಚಿನ ಬಲವುಂಟು. ಹ್ಯೂಗೊದ ಮೇಲ್ಮೆಯನ್ನು ನಾವು ಒಪ್ಪುವೆವು.

ನಮ್ಮ ಆಕ್ಷೇಪಣೆ ಪರೀಕ್ಷೆಯ ದ್ರವ್ಯವನ್ನು ಕುರಿತದ್ದು. ಡೇವಿಸ್ ಅವರ ಕಡತಗಳು ಯಂತ್ರದಿಂದ ಹುಟ್ಟಿಸಿದ ಪಠ್ಯದವು, ಒಂದೊಂದರಲ್ಲೂ ಒಂದು ಶೀರ್ಷಿಕೆ, ಮೂರು ಪರಿಚ್ಛೇದಗಳು, ಚಿತ್ರಗಳಿಲ್ಲ. ಕೂಟಶಾಸನಗಳನ್ನು ಕಂಡವರಿಗೆ ಇಂತಹ ಏಕರೂಪತೆಯೇ ಸಂಶಯವನ್ನುಂಟುಮಾಡುವುದು. (ಇಲ್ಲಿ ವಂಚನೆಯಿಲ್ಲವೆನ್ನುವುದು ನ್ಯಾಯ; ಸಮಾನತೆಗಾಗಿಯೇ ಅವರು ಹಾಗೆ ಮಾಡಿರುವರು.) ನಿಜವಾದ ತಾಣದಲ್ಲಿ ಕೋಷ್ಟಕಗಳು, ಅಡಿಟಿಪ್ಪಣಿಗಳು, ಹಲವು ಅಳತೆಗಳಿಗೆ ಇಳಿಸಬೇಕಾದ ಛಾಯಾಚಿತ್ರಗಳು ಇರುವುವು. ಅಲ್ಲದೆ ಪುಟಗಳು ಪರಸ್ಪರ ಸಂಬಂಧವುಳ್ಳವು. ಪ್ರತಿಯೊಂದು ಪುಟದ ಕೆಳಗೆ ‘ಸಂಬಂಧಿಸಿದ ಲೇಖನಗಳು’ ಬರಬೇಕೆಂದು ಭಾವಿಸೋಣ. ಅಚ್ಚಿನ ವಿನ್ಯಾಸವನ್ನು ಅವಿವೇಕದಿಂದ ಬರೆದರೆ ಒಂದೊಂದು ಪುಟಕ್ಕೂ ಇಡೀ ಸಂಗ್ರಹವನ್ನು ತಿರುವಿಹಾಕಬೇಕಾಗುವುದು. 4,000 ಪುಟಗಳಿಗೆ 1 ಕೋಟಿ 60 ಲಕ್ಷ ಬಾರಿ ನೋಡಿದಂತಾಯಿತು. ಇಂತಹ ವಿನ್ಯಾಸವಿದ್ದಲ್ಲಿ ಹ್ಯೂಗೊ ಸಹ ತಡವಾಗುವುದು. ಮಾರ್ಕ್‌ಡೌನನ್ನು ಮಾರ್ಪಡಿಸುವ ಕೆಲಸವೋ ಅಲ್ಪಾಂಶವಾಗಿ ಉಳಿಯುವುದು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಹಿಂದಿನ ಫಲಿತಗಳನ್ನೆಲ್ಲ ಅಳಿಸಿ ಮೊದಲಿನಿಂದ ಕಟ್ಟುವ ಕಾಲವನ್ನೇ ಇಂತಹ ಹೋಲಿಕೆಗಳು ಮುಖ್ಯವಾಗಿ ಅಳೆಯುವುವು. ಬರಹಗಾರನಾದರೋ ದಿನಕ್ಕೆ ಹತ್ತು ಸಲ ಒಂದು ಪದವನ್ನು ತಿದ್ದಿ, ತಿದ್ದಿದ ಪುಟವು ಕಾಣಿಸಲೆಂದು ಕಾಯುವನು. ತಾಣವನ್ನು ಸಾಗಿಸಬೇಕೆಂದಿರುವವರು ತಮ್ಮ ಸ್ವಂತ ಬರಹಗಳ ಒಂದು ಭಾಗವನ್ನೇ ಎರಡು ಸಾಧನಗಳಿಗೂ ಕೊಟ್ಟು, ಒಂದೇ ಯಂತ್ರದಲ್ಲಿ, ಈ ಎರಡು ಕಾಲಗಳನ್ನೂ ಬೇರೆಬೇರೆಯಾಗಿ ಹಲವು ಸಲ ಅಳೆದು ನೋಡತಕ್ಕದ್ದು.