ಕಣ್ಕಟ್ಟೂ ಇಲ್ಲ, ಕಣ್ಣೀರೂ ಇಲ್ಲ

ಸಿನಿಮಾ ನೋಡಿ ಬಂದು ಬೈಯುವುದು ನನ್ನ ಹಳೆಯ ಚಟ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇದು ಎಲ್ಲರಿಗೂ ಗೊತ್ತು. ಆದರೆ ‘ಧೂಮ್ 3’ ನೋಡಿ ಬಂದ ಮೇಲೆ ಎರಡು ದಿನ ಬೈಯಲೂ ಮನಸ್ಸಾಗಲಿಲ್ಲ. ಕಾರಣ ಹೇಳಬೇಕಾದರೆ ನನ್ನ ತಮ್ಮನ ಲಾರಿಯಿಂದಲೇ ಶುರುಮಾಡಬೇಕು.

ಸಂಡೂರಿನ ಗಣಿಗಳಿಂದ ಅದಿರು ಸಾಗಿಸಲು ಅವನು ಸಾಲ ಮಾಡಿ ಲಾರಿ ಕೊಂಡಿದ್ದ. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ. ಆ ಕೆಂಪು ಧೂಳು ಕುಡಿದವರು ನಾವು, ನಮಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲದ ಕಂತು ನಿಲ್ಲಲಿಲ್ಲ. ಹೊಸಪೇಟೆಯ ರಸ್ತೆಬದಿಯಲ್ಲಿ ಸಾಲಾಗಿ ನಿಂತ ಲಾರಿಗಳಲ್ಲಿ ಅವನದೂ ಒಂದಾಯಿತು. ಒಂದು ದಿನ ಸಾಲ ಕೊಟ್ಟವರು ಬಂದು ಅದನ್ನು ತೆಗೆದುಕೊಂಡು ಹೋದರು. ಅಂದು ರಾತ್ರಿ ಅವನು ಉಣ್ಣದೆ ಗೋಡೆ ನೋಡುತ್ತ ಕುಳಿತದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

2013ರ ಡಿಸೆಂಬರಿನಲ್ಲಿ ಈ ಚಿತ್ರ ಬಂದಾಗ ಮಕ್ಕಳ ಹಟಕ್ಕೆ ಇಡೀ ಮನೆಯೇ ಹೊರಟಿತು. ಕಂಪ್ಲಿಯಿಂದ ತಂಗಿಯೂ ಬಂದಿದ್ದಳು. ಚಿತ್ರದಲ್ಲಿ ‘ಕಮ್ಲಿ’ ಎಂಬ ಹಾಡಿದೆ ಎಂದು ಮಕ್ಕಳು ಹೇಳಿದ್ದೇ ತಡ, “ನಮ್ಮ ಕಂಪ್ಲಿ ಮ್ಯಾಲೂ ಹಾಡು ಕಟ್ಯಾರೇನ?” ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ಕತೆ 1990ರ ಷಿಕಾಗೋದಲ್ಲಿ ಆರಂಭವಾಗುತ್ತದೆ. ಜಾಕಿ ಶ್ರಾಫ್ ಒಂದು ಸರ್ಕಸ್ಸಿನ ಒಡೆಯ. ಸಾಲ ತೀರಿಸಲು ಇನ್ನಷ್ಟು ಕಾಲ ಕೊಡಿ ಎಂದು ಬ್ಯಾಂಕಿನವರನ್ನು ಕೂರಿಸಿ ತನ್ನ ಆಟ ತೋರಿಸುತ್ತಾನೆ. ಅವರು ಒಪ್ಪುವುದಿಲ್ಲ. ಮಗನ ಕಣ್ಣೆದುರೇ ಆತ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಕತ್ತಲೆಯಲ್ಲಿ ತಮ್ಮ ನನ್ನ ಕಡೆ ಬಾಗಿ, “ಅಕ್ಕ, ಸಾಲ ಕೊಟ್ಟೋರು ಎಲ್ಲಾ ದೇಶದಾಗೂ ಒಂದೇ ಥರ ನೋಡು” ಎಂದ. ಒಳ್ಳೆಯ ಚಿತ್ರ ನೋಡಲಿದ್ದೇವೆ ಎಂದು ಆಗ ನನಗೆ ಖಂಡಿತ ಅನ್ನಿಸಿತು.

ಮಗ ದೊಡ್ಡವನಾಗಿ ಆಮಿರ್ ಖಾನ್ ಆಗುತ್ತಾನೆ. ಹೊರಗೆ ಸರ್ಕಸ್ಸಿನ ಜಾದೂಗಾರ, ಒಳಗೆ ಅದೇ ಬ್ಯಾಂಕನ್ನು ದೋಚುವ ಕಳ್ಳ. ಅಲ್ಲಿಂದ ಮುಂದೆ ನಡೆದದ್ದನ್ನು ಏನೆಂದು ಹೇಳಲಿ! ದರೋಡೆ ಹೇಗೆ ಮಾಡಿದ ಎಂಬುದನ್ನೇ ಚಿತ್ರ ತೋರಿಸುವುದಿಲ್ಲ. ನೋಟುಗಳು ಮೇಲಿನಿಂದ ಉದುರುತ್ತವೆ. ನಾಯಕ ಎತ್ತರದ ಕಟ್ಟಡದ ಗೋಡೆಯ ಮೇಲೆ ಓಡಿ ಇಳಿಯುತ್ತಾನೆ. ಅವನ ಬೈಕು ನೀರಿಗೆ ಬಿದ್ದರೆ ದೋಣಿಯಾಗುತ್ತದೆ. ಕತ್ರಿನಾ ಕೈಫ್ ಎಂಬ ನಟಿಗೆ ಕುಣಿಯುವುದು ಬಿಟ್ಟರೆ ಹೆಚ್ಚಿನ ಕೆಲಸವೇ ಇಲ್ಲ. ಮೂರು ಗಂಟೆ ಹತ್ತಿರದ ಚಿತ್ರದಲ್ಲಿ ಒಬ್ಬ ಹೆಣ್ಣುಮಗಳಿಗೆ ನಾಲ್ಕು ಮಾತು ಕೊಡಲು ಜಾಗವಿರಲಿಲ್ಲವೆ?

ನಮ್ಮ ಶಾಲೆಗೆ ಒಮ್ಮೆ ಜಾದೂ ಮಾಡುವವರೊಬ್ಬರು ಬಂದಿದ್ದರು. ಮಗುವಿಗೆ ಎರಡು ರೂಪಾಯಿ. ನನ್ನ ಉಂಗುರವನ್ನೇ ಕೇಳಿ ಪಡೆದು, ಕರವಸ್ತ್ರದಲ್ಲಿ ಮಾಯಮಾಡಿ, ಮೂರನೇ ಸಾಲಿನ ಹುಡುಗಿಯ ಕಂಪಾಸಿನಿಂದ ತೆಗೆದುಕೊಟ್ಟರು. ಅವರ ಕೈಯ ಮೇಲೆಯೇ ಕಣ್ಣಿಟ್ಟು ಕುಳಿತಿದ್ದರೂ ಮೋಸ ಹೋದೆ. ಹಾಗೆ ಮೋಸ ಹೋಗುವುದೇ ಒಂದು ಸುಖ. ಕಂಪ್ಯೂಟರಿನಲ್ಲಿ ಮಾಡಿದ ಜಾದೂವಿನಲ್ಲಿ ಆ ಸುಖವೆಲ್ಲಿ? ಅಲ್ಲಿ ಏನು ಬೇಕಾದರೂ ಆಗಬಹುದು, ಆದ್ದರಿಂದ ಏನಾದರೂ ಬೆರಗಿಲ್ಲ.

ಮಕ್ಕಳನ್ನು ಹಂಪಿಗೆ ಕರೆದೊಯ್ದಾಗಲೆಲ್ಲ ಮಹಾನವಮಿ ದಿಬ್ಬದ ಬಳಿ ನಾನು ತಪ್ಪದೆ ಹೇಳುವ ಸಂಗತಿಯೊಂದಿದೆ. 1443ರಲ್ಲಿ ಇಲ್ಲಿನ ಉತ್ಸವ ನೋಡಿದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಆನೆಯ ಆಟವೊಂದನ್ನು ವರ್ಣಿಸಿದ್ದಾನೆ. ಎತ್ತರದ ಕಂಬ, ಅದರ ಮೇಲೆ ತಕ್ಕಡಿಯ ದಂಡಿಗೆಯಂತೆ ಅಡ್ಡ ತೊಲೆ. ಒಂದು ತುದಿಯಲ್ಲಿ ಆನೆಯಷ್ಟೇ ತೂಕದ ಕಲ್ಲು, ಇನ್ನೊಂದು ತುದಿಯ ಹಲಗೆಯ ಮೇಲೆ ಆನೆ. ವಾದ್ಯದ ಲಯಕ್ಕೆ ಅದು ಮೇಲೆ ಕೆಳಗೆ ಆಡುತ್ತಿತ್ತಂತೆ. ಕಲ್ಲು ಎಲ್ಲರಿಗೂ ಕಾಣುತ್ತಿತ್ತು, ಆದರೂ ಜನ ಬೆರಗಾದರು. ಈ ಚಿತ್ರದಲ್ಲಿ ಆನೆಯಂಥ ನಟರಿದ್ದಾರೆ, ಎದುರು ತುದಿಯ ಕಲ್ಲಿಲ್ಲ.

ಕಲ್ಲು ಇರಲಿಲ್ಲವೆಂದಲ್ಲ, ಇದ್ದದ್ದನ್ನು ಕೆಳಗಿಳಿಸಿದರು. ಆ ತಂದೆಯ ಸಾಲವೇ ಕಲ್ಲು. ನಾಯಕ ಒಬ್ಬನಲ್ಲ, ಅವಳಿ ಸೋದರರು ಎಂಬುದು ಮಧ್ಯಂತರಕ್ಕೆ ತಿಳಿಯುತ್ತದೆ. ಆಟ ನಡೆಯಲೆಂದು ಒಬ್ಬ ತಮ್ಮ ಲೋಕದ ಕಣ್ಣಿಗೆ ಬೀಳದೆ ಬದುಕಬೇಕು. ಎಂಥ ದುಃಖ ಅದು! ಆ ಮುಗ್ಧ ತಮ್ಮನಾಗಿ ಆಮಿರ್ ಖಾನ್ ಮಾತಾಡುವಾಗ ನಿಜವಾಗಿ ಮನಸ್ಸು ಕರಗುತ್ತದೆ. ಅಷ್ಟರಲ್ಲಿ ಮತ್ತೆ ಬೈಕು.

ಅದೇ 2013ರಲ್ಲಿ ಬಂದ ಅಮೆರಿಕದ ‘ನೌ ಯೂ ಸೀ ಮಿ’ ಚಿತ್ರವನ್ನು ಆಮೇಲೆ ಮಗಳು ತೋರಿಸಿದಳು. ಅಲ್ಲೂ ಬ್ಯಾಂಕು ದೋಚುವ ಜಾದೂಗಾರರು, ಮೈಕೆಲ್ ಕೇನ್, ಮಾರ್ಗನ್ ಫ್ರೀಮನ್‌ರಂಥ ದೊಡ್ಡ ನಟರು. ಅಲ್ಲೂ ಎಲ್ಲದರ ಹಿಂದೆ ತಂದೆಯ ಸಾವಿಗೆ ಮಗನ ಸೇಡು. ಆ ದುಃಖವನ್ನು ಕೊನೆಯಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಎರಡೂ ಚಿತ್ರಗಳಿಗೆ ಹಣ ಸುರಿದು ಬಂತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಲದ ಕತೆ ಹೇಳುತ್ತೇನೆಂದು ಕರೆದವರು ಸಾಲಗಾರನ ಮುಖವನ್ನೇ ಮರೆತರೆ ನಮ್ಮಂಥವರಿಗೆ ನೋವಾಗದೆ?

ತಮ್ಮ ಈಗ ಬೇರೆಯವರ ಲಾರಿ ಓಡಿಸುತ್ತಾನೆ. ಟಿವಿಯಲ್ಲಿ ಆ ಚಿತ್ರ ಬಂದರೆ ಸರ್ಕಸ್ಸಿನ ಭಾಗ ಮುಗಿಯುವವರೆಗೆ ಬಾಯಿಬಿಡದೆ ನೋಡುತ್ತಾನೆ. ಆಮೇಲೆ ಏಳುತ್ತಾನೆ.

“ಯಾಕೋ, ಮುಂದ ನೋಡೂದಿಲ್ಲೇನು?” ಎಂದರೆ, “ಮುಂದೇನೈತಿ ಅಕ್ಕ, ಬರೇ ಬೈಕು” ಎನ್ನುತ್ತಾನೆ.