ರಾಜೀವನಿಗೆ ನೆಲ ಸಿಕ್ಕಿತು, ನಮ್ಮ ಕಾಕಾನಿಗೆ?

1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ನೋಡಿ, ಓದಿದ ಹುಡುಗರು ನೌಕರಿ ಬಿಟ್ಟು ಊರಿಗೆ ಮರಳಿ ರಂಟೆ ಹಿಡಿದರು ಎಂಬ ಮಾತನ್ನು ಐವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಸುಳ್ಳಲ್ಲ. ನಮ್ಮ ಕಾಕಾನೂ ಹಂಗ ಬಂದಾಂವ. ಗದಗಿನ ಹತ್ತಿ ಜಿನ್ನಿನಲ್ಲಿ ಕೂಲಿಯಾಗಿದ್ದ ಅಂವಾ ಮೂರು ಸಲ ಸಿನಿಮಾ ನೋಡಿ, ಗಂಟು ಕಟ್ಟಿಕೊಂಡು ಹಿರೇವಡ್ಡಟ್ಟಿಗೆ ಬಂದು, “ಅವ್ವಾ, ಒಕ್ಕಲುತನ ಮಾಡ್ತೀನಿ” ಅಂದ. ನಮ್ಮಜ್ಜಿ ಕೇಳಿದ್ದು ಒಂದೇ ಮಾತು: “ಹೊಲಾ ಎಲ್ಲೈತೋ ಯಪ್ಪಾ?”

ಈ ಸಿನಿಮಾದ ವಿಮರ್ಶೆ ಅಜ್ಜಿಯ ಆ ಪ್ರಶ್ನೆಯಿಂದಲೇ ಸುರುವಾಗಬೇಕು.

ಟಿ.ಕೆ. ರಾಮರಾಯರ ಕಾದಂಬರಿಯನ್ನು ತೆರೆಗೆ ತಂದವರು ಸಿದ್ಧಲಿಂಗಯ್ಯನವರು (ನಮ್ಮ ಕವಿಯಲ್ಲ, ನಿರ್ದೇಶಕರು). ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದರ ದೊಡ್ಡತನವನ್ನು ನಾನು ಅಲ್ಲಗಳೆಯುವವನಲ್ಲ. ಮೈಮುರಿದು ದುಡಿಯುವವನೇ ನಾಯಕ ಎಂದು ರಾಜಕುಮಾರರಂಥ ನಟ ತೆರೆಯ ಮೇಲೆ ಬಂಡೆಗಲ್ಲಿನ ನಡುವೆ ನಿಂತು ತೋರಿಸಿದಾಗ, ಕೂಲಿಯವನ ಎದೆ ಉಬ್ಬದೇ ಇದ್ದೀತೆ? ಆದರೆ ರಾಜೀವನಿಗೆ ಬಂಜರಾದರೂ ನೆಲ ದಕ್ಕುತ್ತದೆ, ರಾಚೂಟಪ್ಪನಂಥ ಹಿರಿಯ ಬೆನ್ನಿಗೆ ನಿಲ್ಲುತ್ತಾನೆ. ಅಡ್ಡಿಯಾಗಿರುವುದು ಬರೀ ಕಲ್ಲು. ಜಾತಿಯೆಂಬ ಕಲ್ಲು ಆ ಹೊಲದಲ್ಲಿ ಒಂದೂ ಸಿಗುವುದಿಲ್ಲ! ಅವನ ಸುತ್ತ ದುಡಿಯುವವರ ಹೆಸರು ನಮಗೆ ನೆನಪುಳಿಯುವುದಿಲ್ಲ. ಅವರು ಹಾಡಿಗೆ ದನಿಗೂಡಿಸುವ ಕೈಗಳು ಮಾತ್ರ.

ಮೂರು ವರ್ಷದ ನಂತರ, 1975ರಲ್ಲಿ ಬಿ.ವಿ. ಕಾರಂತರ ‘ಚೋಮನ ದುಡಿ’ ಬಂತು. ಚೋಮನಿಗೆ ಎತ್ತು ಅದಾವ, ಹುಮ್ಮಸ್ಸು ಐತಿ, ರಾಜೀವನಿಗಿಂತ ದೊಡ್ಡ ಕನಸು ಐತಿ. ನೆಲ ಇಲ್ಲ, ಕೊಡುವವರಿಲ್ಲ. ಅದಕ್ಕೆ ಸ್ವರ್ಣಕಮಲ ಸಿಕ್ಕಿತು. ಆದರೆ ಅದನ್ನು ನೋಡಿ ಹೊಲದೊಡೆಯನೊಬ್ಬ ಬದುಕು ಬದಲಿಸಿಕೊಂಡು ಎರಡೆಕರೆ ಬಿಟ್ಟುಕೊಟ್ಟದ್ದನ್ನು ನಾನಂತೂ ಕೇಳಿಲ್ಲ. ಒಂದು ಸಿನಿಮಾ ಯಾರನ್ನು ಬದಲಿಸುತ್ತದೆ, ಯಾರನ್ನು ಹಾಗೇ ಬಿಡುತ್ತದೆ ಎಂಬುದನ್ನು ವಿಮರ್ಶಕರು ಯಾಕೆ ಕೇಳುವುದಿಲ್ಲ?

ಕಾಕಾ ನಾಲ್ಕೆಕರೆ ಎರಿ ಹೊಲ ಪಾಲಿಗೆ ಹಿಡಿದ. ಬಾಯಿಮಾತಿನ ಕರಾರು, ಕಾಗದಿಲ್ಲ. ಎರಡು ಬೆಳೆ ತೆಗೆದ. ಅಷ್ಟರಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬರುವ ಸುದ್ದಿ ಹಬ್ಬಿತು. 1974ರ ಮಾರ್ಚ್ 1ರಂದು ಅದು ಜಾರಿಗೆ ಬರುವ ಮೊದಲೇ ಒಡೆಯ ಹೊಲ ಬಿಡಿಸಿಕೊಂಡಿದ್ದ. ಆ ಕಾನೂನಿನಿಂದ ಎಷ್ಟೋ ಗೇಣಿದಾರರು ಒಡೆಯರಾದರು, ಅದು ಸಣ್ಣ ಮಾತಲ್ಲ. ಆದರೆ ಗೇಣಿಯ ಕಾಗದವೇ ಇಲ್ಲದವನಿಗೆ, ಬರೀ ಕೂಲಿಯವನಿಗೆ ಅದು ಏನು ಕೊಟ್ಟೀತು? ಇನ್ನು 2020ರಲ್ಲಿ, ಕೃಷಿಕರಲ್ಲದವರು ಜಮೀನು ಕೊಳ್ಳಲು ಅಡ್ಡಿಯಾಗಿದ್ದ 79ಎ, 79ಬಿ ಕಲಮುಗಳನ್ನೇ ಕಿತ್ತುಹಾಕಿದರು. ರೊಕ್ಕವಿದ್ದ ಪಟ್ಟಣದ ರಾಜೀವರಿಗೆ ಹಾದಿ ಸಲೀಸಾಯಿತು.

ಕಾಕಾ ಮತ್ತೆ ಜಿನ್ನಿಗೆ ಹೋಗಲಿಲ್ಲ. ಊರಲ್ಲೇ ಕಂಡವರ ಹೊಲದಾಗ ದುಡಿದು ಮುದುಕನಾದ. ಟೀವಿಯಲ್ಲಿ ಆ ಸಿನಿಮಾ ಬಂದರೆ ಈಗಲೂ ಎದುರು ಕುಂಡರ್ತಾನ. ರಾಜೀವ ಎಲ್ಲವನ್ನೂ ಬಿಟ್ಟು ನಡೆದುಹೋಗುವಾಗ ಮನಿ ಮಂದಿಯೆಲ್ಲ ಕಣ್ಣೊರೆಸಿಕೊಂಡರೆ, ಅಂವಾ ಒಮ್ಮೆ ನನ್ನ ಕಡೆ ಹೊಳ್ಳಿ ಕೇಳಿದ:

“ತಮ್ಮಾ, ಅಂವಾ ಬಿಟ್ಟು ಹೋದ ಹೊಲಾ ಆಳಮಕ್ಕಳಿಗೆ ಬಂತೇನು?”