ಬೆಳ್ಳಕ್ಕಿಯ ಬಿಳುಪು, ಆನೆಯ ಕಪ್ಪು

ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆಯಿರುವ ಹವ್ಯಾಸಿ ಛಾಯಾಗ್ರಾಹಕನಿಗೆ ತೀರ್ಥಹಳ್ಳಿ ರಸ್ತೆಯೇ ಪಾಠಶಾಲೆ. ಸುಮಾರು 14 ಕಿ.ಮೀ. ಹೋದರೆ ಸಕ್ರೆಬೈಲು ಬಿಡಾರ. ಬೆಳಿಗ್ಗೆ ಮಾವುತರು ಆನೆಗಳನ್ನು ತುಂಗೆಯ ಹಿನ್ನೀರಿಗಿಳಿಸಿ ಮೈ ಉಜ್ಜುತ್ತಾರೆ. ಅದೇ ರಸ್ತೆಯಲ್ಲಿ 30 ಕಿ.ಮೀ. ದಾಟುವಷ್ಟರಲ್ಲಿ ಮಂಡಗದ್ದೆ. ಹೊಳೆ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಸಂಸಾರ. ಕಡುಗಪ್ಪೂ ಅಚ್ಚಬಿಳುಪೂ ಒಂದೇ ಬೆಳಗಿನಲ್ಲಿ ಸಿಗುವ ದಾರಿ ಇದು. ಎಡಿಟಿಂಗ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಇಲ್ಲಿ ತಿಳಿದಷ್ಟು ಚೆನ್ನಾಗಿ ಬೇರೆಲ್ಲೂ ತಿಳಿಯದು.

ಕ್ಯಾಮೆರಾದ ಮೀಟರ್‌ಗೆ ಆನೆಯೂ ಗೊತ್ತಿಲ್ಲ, ಹಕ್ಕಿಯೂ ಗೊತ್ತಿಲ್ಲ. ಎದುರಿಗಿರುವುದೆಲ್ಲ ಸರಾಸರಿ ಬೂದು ಎಂದುಕೊಂಡು ಅದು ಬೆಳಕು ಅಳೆಯುತ್ತದೆ. ಚೌಕಟ್ಟು ತುಂಬ ಆನೆ ನಿಂತರೆ ಒದ್ದೆ ಕಪ್ಪು ಮೈ ಬೂದಿ ಬಳಿದಂತಾಗುತ್ತದೆ. ದಟ್ಟ ಎಲೆಗಳ ಮುಂದೆ ಕೂತ ಬೆಳ್ಳಕ್ಕಿ ಸುಣ್ಣ ಮೆತ್ತಿದ ಹಾಗೆ ಸಪಾಟಾಗಿ, ಗರಿಯ ಒಂದು ಎಳೆಯೂ ಕಾಣದಂತಾಗುತ್ತದೆ. ಮೊದಲನೆಯ ತಪ್ಪನ್ನು ಮನೆಗೆ ಬಂದು ತಿದ್ದಬಹುದು. ಎರಡನೆಯದು ಹಾಗಲ್ಲ. ಸೆನ್ಸರ್ ಬೆಳಕಿನಿಂದ ತುಂಬಿ ತುಳುಕಿದ ಜಾಗದಲ್ಲಿ ಗರಿಯ ವಿವರ ದಾಖಲಾಗಿಯೇ ಇರುವುದಿಲ್ಲ. ಕೃತಕ ಬುದ್ಧಿಮತ್ತೆಯ ಸಲಕರಣೆ ಅಲ್ಲೊಂದು ಗರಿ ಬರೆದುಕೊಟ್ಟೀತು. ಅದು ಮಂಡಗದ್ದೆಯ ಹಕ್ಕಿಯ ಗರಿಯಲ್ಲ.

ಆದ್ದರಿಂದ ಅಲ್ಲಿ ಎಕ್ಸ್‌ಪೋಷರನ್ನು ಒಂದು ಹಂತ ಇಳಿಸಿ, ಹಿಸ್ಟೊಗ್ರಾಂ ಬಲಗಡೆಯ ಗೋಡೆಗೆ ತಾಗದಂತೆ ನೋಡಿಕೊಂಡು, ರಾ ಫೈಲಿನಲ್ಲೇ ತೆಗೆಯಬೇಕು. ಲೆಕ್ಕ ಸರಳವಾಗಿದೆ. ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಾದರೆ, 12 ಬಿಟ್‌ನ ರಾ ಫೈಲಿನಲ್ಲಿ 4,096, 14 ಬಿಟ್‌ನದರಲ್ಲಿ 16,384. ಕತ್ತಲಾದ ಎಲೆಗಳನ್ನು ಆಮೇಲೆ ಎತ್ತುವಾಗ ಈ ಮೆಟ್ಟಿಲುಗಳೇ ಆಸರೆ. ಜೆಪೆಗ್‌ನಲ್ಲಿ ಅದೇ ಕೆಲಸ ಮಾಡಿದರೆ ನೆರಳೆಲ್ಲ ಕಲೆಕಲೆಯಾಗುತ್ತದೆ.

ಹೀಗೆ ತಂದ ಚಿತ್ರಕ್ಕೆ ದುಬಾರಿ ಕಂಪ್ಯೂಟರ್ ಬೇಕೇ ಬೇಕೆಂದಿಲ್ಲ. ಮೊಬೈಲ್‌ಗೆ ಟೈಪ್-ಸಿ ಕಾರ್ಡ್ ರೀಡರ್ ಚುಚ್ಚಿದರೆ ಫೈಲುಗಳು ಇಳಿಯುತ್ತವೆ. ವೈಫೈ ಮೂಲಕ ಕಳಿಸುವಾಗ ಎಷ್ಟೋ ಕ್ಯಾಮೆರಾಗಳು ಚಿತ್ರವನ್ನು ಕುಗ್ಗಿಸಿ ಕಳಿಸುತ್ತವೆ. ಅದನ್ನು ಗಮನಿಸದೆ ದೊಡ್ಡ ಪ್ರಿಂಟ್‌ಗೆ ಕೊಟ್ಟು ಪೆಚ್ಚಾದವರಿದ್ದಾರೆ. ಉಚಿತ ಆ್ಯಪ್‌ಗಳಲ್ಲಿ ಸ್ನ್ಯಾಪ್‌ಸೀಡ್‌ಗೆ ಮೊದಲ ಮಣೆ. 2011ರಲ್ಲಿ ಐಪ್ಯಾಡ್‌ಗೆಂದು ಬಂದ ಇದನ್ನು ಮರುವರ್ಷ ಗೂಗಲ್ ಕೊಂಡುಕೊಂಡಿತು. ಆಂಡ್ರಾಯ್ಡ್‌ಗೂ ತಂದು ಉಚಿತವಾಗಿಸಿತು. ಇದರ ‘ಸೆಲೆಕ್ಟಿವ್’ ಸಲಕರಣೆಯಲ್ಲಿ ಹಕ್ಕಿಯ ಮೇಲೆ ಬೆರಳಿಟ್ಟು ಒಂದು ಬಿಂದು ಗುರುತಿಸಿ, ಎರಡು ಬೆರಳಿನಿಂದ ವೃತ್ತ ಹಿಗ್ಗಿಸಿ ಕುಗ್ಗಿಸಿ, ಅಷ್ಟೇ ಜಾಗದ ಬೆಳಕನ್ನು ಹೊಂದಿಸಬಹುದು. ವೃತ್ತದೊಳಗೂ ಬಿಂದುವಿನ ಬಣ್ಣವನ್ನು ಹೋಲುವ ಭಾಗವನ್ನೇ ಅದು ಹೆಚ್ಚಾಗಿ ಮುಟ್ಟುತ್ತದೆ.

ವೈಟ್ ಬ್ಯಾಲೆನ್ಸ್ ಮಾತ್ರ ಬೆರಳಿಗಿಂತ ಕಣ್ಣಿನ ಕೆಲಸ. ಮಳೆಗಾಲದ ಮೋಡದಡಿ ಚಿತ್ರ ನೀಲಿಗೆ ವಾಲುತ್ತದೆ. ಬಣ್ಣ ಆಯುವ ಗುರುತನ್ನು ಬೆಳ್ಳಕ್ಕಿಯ ಮೇಲಿಟ್ಟರೆ ಸರಿಹೋಗುತ್ತದೆ, ನಿಜ. ಆದರೆ ಹೊಟ್ಟೆಯ ಮೇಲಿಡಬಾರದು. ಕೆಳಗಿನ ಎಲೆಗಳ ಹಸಿರು ಅಲ್ಲಿ ಪ್ರತಿಫಲಿಸಿರುತ್ತದೆ. ಆಕಾಶದ ಬೆಳಕು ನೇರವಾಗಿ ಬಿದ್ದ ಬೆನ್ನಿನ ಗರಿಯೇ ಒಳ್ಳೆಯ ಆಯ್ಕೆ.

ಮೊಬೈಲ್ ಪರದೆಯೂ ದಾರಿ ತಪ್ಪಿಸುತ್ತದೆ. ರಾತ್ರಿ ಮಂದ ಪರದೆಯಲ್ಲಿ ತಿದ್ದಿದ ಚಿತ್ರ ಬೆಳಿಗ್ಗೆ ಬೆಳ್ಳಗೆ ಹೊಳೆಯುತ್ತದೆ. ‘ವಿವಿಡ್’ ಮೋಡ್‌ನಲ್ಲಿ ಕಡುಹಸಿರಾಗಿ ಕಂಡ ಕಾಡು ಕಾಗದಕ್ಕಿಳಿದಾಗ ಕಂದುತ್ತದೆ. ಬ್ರೈಟ್‌ನೆಸ್ ತಾನಾಗಿ ಬದಲಾಗುವುದನ್ನು ನಿಲ್ಲಿಸಿ, ‘ನ್ಯಾಚುರಲ್’ ಮೋಡ್‌ಗೆ ಹಾಕಿಕೊಂಡೇ ಕೂರುವುದು ಒಳಿತು.

ಇದೆಲ್ಲ ಹೊಸ ಕಾಲದ ಚಾಳಿ ಎನ್ನುವವರು ಡಾರ್ಕ್‌ರೂಮನ್ನು ಮರೆತಿರುತ್ತಾರೆ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರು ಫಿಲ್ಮ್‌ನಲ್ಲಿ ವನ್ಯಜೀವಿ ಚಿತ್ರ ತೆಗೆದ ಕಾಲದಲ್ಲಿ, ಪ್ರಿಂಟ್ ಹಾಕುವವರು ಎನ್‌ಲಾರ್ಜರ್‌ನ ಬೆಳಕಿಗೆ ಅಂಗೈ ಅಥವಾ ರಟ್ಟಿನ ತುಂಡು ಅಡ್ಡಹಿಡಿದು ಒಂದು ಭಾಗವನ್ನು ತಿಳಿಯಾಗಿಸುತ್ತಿದ್ದರು, ಇನ್ನೊಂದಕ್ಕೆ ಹೆಚ್ಚು ಬೆಳಕುಣಿಸಿ ಗಾಢವಾಗಿಸುತ್ತಿದ್ದರು. ಸ್ನ್ಯಾಪ್‌ಸೀಡ್‌ನ ಬ್ರಷ್‌ನಲ್ಲಿರುವ ‘ಡಾಡ್ಜ್ ಆ್ಯಂಡ್ ಬರ್ನ್’ ಎಂಬ ಹೆಸರು ಆ ಕತ್ತಲಕೋಣೆಯಿಂದಲೇ ಬಂದದ್ದು.

ಬೆಳಕು ತಿದ್ದುವುದು ಬೇರೆ, ಇದ್ದದ್ದನ್ನು ಅಳಿಸುವುದು ಬೇರೆ. ನಿಸರ್ಗ ಛಾಯಾಗ್ರಹಣಕ್ಕೆ ಫಿಯಾಪ್‌ನಂಥ ಅಂತರರಾಷ್ಟ್ರೀಯ ಸಂಸ್ಥೆಗಳು 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆ ಕ್ರಾಪ್ ಮಾಡಲು ಬಿಡುತ್ತದೆ. ಚಿತ್ರದೊಳಗಿನ ವಸ್ತುವನ್ನು ಅಳಿಸಲು, ಇಲ್ಲದ್ದನ್ನು ಸೇರಿಸಲು ಬಿಡುವುದಿಲ್ಲ. ಹಕ್ಕಿಯ ಕೊರಳಿಗೆ ಅಡ್ಡ ಬಂದ ಟೊಂಗೆಯನ್ನು ‘ಹೀಲಿಂಗ್’ನಿಂದ ಒರೆಸಲು ಒಂದು ಸೆಕೆಂಡೂ ಬೇಡ, ಒರೆಸಿದರೆ ಆ ಚಿತ್ರ ನಿಸರ್ಗ ವಿಭಾಗದಿಂದ ಹೊರಗೆ. ಅದಕ್ಕೇ ಕೆಲವರು ಟೊಂಗೆಯ ಚಿತ್ರವನ್ನು ಹಾಗೆಯೇ ಇಟ್ಟುಕೊಂಡು, ಮುಂದಿನ ಭಾನುವಾರ ನಸುಕಿಗೇ ಮತ್ತೆ ಮಂಡಗದ್ದೆಯ ಕಡೆ ಬೈಕ್ ತಿರುಗಿಸುತ್ತಾರೆ. ಮರಿಗಳ ರೆಕ್ಕೆ ಬಲಿಯುವವರೆಗೆ ಹಕ್ಕಿಗಳು ಅಲ್ಲೇ ಇರುತ್ತವೆ.